ಹತ್ತು ಕಿಲೋಮೀಟರು ಓಡಲು ಹೊರಟ ನಾಲ್ವರು

ಕಾಯಿಕೊರಕ, ಕೊಳೆರೋಗ, ಬೋರ್ಡೋ ದ್ರಾವಣ, ಪೇಟೆಯ ಧಾರಣೆ: ಸದಸ್ಯ ಬಾಂಧವರು ಈ ಪುಟಗಳಲ್ಲಿ ಎಂದಿನಿಂದಲೂ ಕಾಣುತ್ತ ಬಂದಿರುವ ವಿಷಯಗಳು ಇವು. ಈ ತಿಂಗಳು ಅವುಗಳ ನಡುವೆ ಓಟದ ಮಾತೊಂದನ್ನು ತಂದಿದ್ದೇವೆ. ನಮ್ಮ ಸಂಘದ ನಾಲ್ವರು, ಚಾಮರಾಜನಗರದ ಕಡೆಯ ಇಬ್ಬರು ಮತ್ತು ಗುಂಡ್ಲುಪೇಟೆಯ ಕಡೆಯ ಇಬ್ಬರು, ಏಪ್ರಿಲ್ ಕಡೆಯ ಭಾನುವಾರ ಬೆಂಗಳೂರಿನಲ್ಲಿ ನಡೆಯುವ 10 ಕಿಲೋಮೀಟರ್ ಓಟಕ್ಕೆ ಹಣ ಕಟ್ಟಿ ಹೆಸರು ನೋಂದಾಯಿಸಿದ್ದೇವೆ. ಶಾಲೆಯ ಕ್ರೀಡಾಕೂಟ ಬಿಟ್ಟರೆ ನಮ್ಮಲ್ಲಿ ಯಾರೂ ಯಾವ ಪಂದ್ಯದಲ್ಲೂ ಓಡಿದವರಲ್ಲ. ಸುದ್ದಿ ಹೇಗೋ ಹಬ್ಬಿ, ಗೊಬ್ಬರ ಕೊಳ್ಳಲು ಬಂದವರೆಲ್ಲ ಕೇಳತೊಡಗಿದ್ದಾರೆ. ಯಾಕೆ? ಹೇಗೆ? ನಿಮ್ಮ ಕೈಲಿ ಆಗುತ್ತದೆಯೇ?

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲೆವು. ಮೂರನೆಯದಕ್ಕೆ ಇನ್ನೂ ಮೂರು ವಾರ ಕಾಯಬೇಕು. ಓಡಿ ಬಂದ ಮೇಲೆ ಬರೆದರೆ ಸಾಲದೇ ಎಂದು ಕೆಲವರು ಸೂಚಿಸಿದರು. ಓಡಿ ಬಂದ ಮೇಲೆ ಎಲ್ಲರೂ ಧೈರ್ಯವಂತರೇ ಆಗಿಬಿಡುತ್ತಾರೆ. ಮುಂಚಿನ ದಿನಗಳ ಅಳುಕನ್ನು ಆಗ ಯಾರೂ ನೆನೆಯುವುದಿಲ್ಲ. ಹೊಸಬರಿಗೆ ಉಪಯೋಗಕ್ಕೆ ಬರುವುದು ಆ ಅಳುಕಿನ ವಿವರವೇ ಎಂದು ನಮಗೆ ತೋರಿದ್ದರಿಂದ ಈಗಲೇ ಬರೆಯುತ್ತಿದ್ದೇವೆ.

ನಾಲ್ವರ ಪರಿಚಯ ಇಷ್ಟು. ಹೆಸರು ಹಾಕಕೂಡದೆಂದು ಇಬ್ಬರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ನಮ್ಮಲ್ಲಿ ಹಿರಿಯರಿಗೆ 58 ವರ್ಷ. ಬಿಳಿಗಿರಿರಂಗನ ಬೆಟ್ಟದ ಮಗ್ಗುಲಲ್ಲಿ ಎರಡು ಎಕರೆ ಕಾಫಿ. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುವುದು. ತೆರಕಣಾಂಬಿ ಕಡೆಯ ಅಕ್ಕನಿಗೆ 46. ಬಾಳೆಯ ನಡುವೆ ಅಡಿಕೆ ಎಬ್ಬಿಸಿ, ಅದರ ನೀರು ಗೊಬ್ಬರವನ್ನೆಲ್ಲ ತಾವೇ ನೋಡಿಕೊಳ್ಳುವವರು. ಉಳಿದ ಇಬ್ಬರು ನಾವು ನಲವತ್ತರ ಆಚೀಚೆ ಇದ್ದೇವೆ. ಹೊಟ್ಟೆ ಕೊಂಚ ಮುಂದೆ ಬಂದಿರುವುದನ್ನು ಬಿಟ್ಟರೆ ಹೇಳಿಕೊಳ್ಳುವಂಥ ವಿಶೇಷ ನಮ್ಮಲ್ಲಿ ಏನೂ ಇಲ್ಲ.

ಇದೆಲ್ಲ ಶುರುವಾದದ್ದು ಅಣ್ಣನ ಸಕ್ಕರೆಯಿಂದ. ಎರಡು ವರ್ಷದ ಹಿಂದೆ ಆರೋಗ್ಯ ತಪಾಸಣೆಯಲ್ಲಿ ರಕ್ತದ ಸಕ್ಕರೆ ಹೆಚ್ಚಾಗಿರುವುದು ತಿಳಿಯಿತು. ದಿನವೂ ನಡೆಯಬೇಕೆಂದು ಡಾಕ್ಟರು ಹೇಳಿದಾಗ ಅಣ್ಣನಿಗೆ ಸಿಟ್ಟೇ ಬಂತು. "ತೋಟದೋನಿಗೆ ನಡಿ ಅಂತೀರಲ್ಲ ಸ್ವಾಮಿ, ನಾನೇನು ಕುರ್ಚಿ ಮೇಲೆ ಕೂತಿರ್ತೀನಾ?" ಎಂದರಂತೆ. ಡಾಕ್ಟರು ಒಂದೊಂದಾಗಿ ಕೇಳುತ್ತ ಹೋದರು. ತೋಟಕ್ಕೆ ಹೇಗೆ ಹೋಗುತ್ತೀರಿ? ಸ್ಕೂಟರಿನಲ್ಲಿ. ಡಿಪೋಗೆ? ಸ್ಕೂಟರಿನಲ್ಲಿ. ಕಳೆ ಹೊಡೆಯುವುದು? ಯಂತ್ರ. ಹಣ್ಣು ಕೊಯ್ಯುವುದು? ಆಳು. ಅಣ್ಣ ಸುಮ್ಮನಾದರು. ಈ ಪ್ರಶ್ನೆಗಳನ್ನು ನಾವೆಲ್ಲರೂ ನಮ್ಮನ್ನೇ ಕೇಳಿಕೊಳ್ಳಬಹುದು. ಗುಂಡ್ಲುಪೇಟೆಯ ಕಡೆ ಮೋಟರು ಹಾಕಲು ಕೊಳವೆಬಾವಿಯವರೆಗೆ ನಡೆದು ಹೋಗುತ್ತಿದ್ದ ಕಾಲವಿತ್ತು. ಈಗ ಮನೆಯ ಜಗಲಿಯ ಮೇಲೆ ಕುಳಿತು ಮೊಬೈಲು ಒತ್ತಿದರೆ ನೀರು ಬರುತ್ತದೆ. ಕರೆಂಟು ರಾತ್ರಿ ಎರಡಕ್ಕೆ ಬರುವ ಊರಿನಲ್ಲಿ ಅದು ವರವೇ ಸರಿ, ಹಾವು ಚಿರತೆಗಳ ಭಯವೂ ತಪ್ಪಿತು. ಆದರೆ ದಿನಕ್ಕೆ ಎರಡು ಮೈಲಿ ನಡಿಗೆಯೂ ಅದರ ಜೊತೆಯಲ್ಲೇ ಹೋಯಿತು.

ಅಣ್ಣ ನಡೆಯಲು ಶುರು ಮಾಡಿದರು. ಎರಡು ವಾರ ನಡೆದರು, ಬಿಟ್ಟರು. ಮತ್ತೆ ಹಿಡಿದರು, ಕಾಫಿ ಕೊಯ್ಲು ಬಂತು, ಬಿಟ್ಟರು. ಆಗ ಬೆಂಗಳೂರಿನಲ್ಲಿ ಓದುವ ಅಕ್ಕನ ಮಗಳು ಈ ಓಟದ ವಿಷಯ ತಂದಳು. 2008ರ ಮೇ ತಿಂಗಳಲ್ಲಿ ಶುರುವಾದ ವರ್ಲ್ಡ್ 10ಕೆ ಓಟ ಅದು. ಆಫ್ರಿಕದ ಹೆಸರಾಂತ ಓಟಗಾರರು ಬಂದು ಬಹುಮಾನಕ್ಕಾಗಿ ಓಡುತ್ತಾರೆ. ಅವರಾದ ಮೇಲೆ ಸಾವಿರಾರು ಜನ ಸಾಮಾನ್ಯರು, ಗುಮಾಸ್ತರು, ಟೀಚರುಗಳು, ಅಜ್ಜ ಅಜ್ಜಿಯರು ತಮ್ಮ ಕೈಲಾದಷ್ಟು ಓಡುತ್ತಾರೆ. ಬರೀ ನಡೆಯುವ ಹಂಬಲ ಯಾವಾಗ ಬೇಕಾದರೂ ಸೋಲುತ್ತದೆ. ದಿನಾಂಕ ಗೊತ್ತಾದ, ಹಣ ಕಟ್ಟಿದ, ಊರಿಗೆಲ್ಲ ತಿಳಿದುಹೋದ ಓಟವನ್ನು ಬಿಡುವುದು ಅಷ್ಟು ಸುಲಭವಲ್ಲ. ಯಾಕೆ ಎಂದು ಕೇಳಿದವರಿಗೆ ನಮ್ಮ ಉತ್ತರ ಇದೇ.

ಈಗ ಹೇಗೆ ಎಂಬುದು. ಜನವರಿ ಕೊನೆಯಲ್ಲಿ, ಕೊಯ್ಲಿನ ಗಡಿಬಿಡಿ ತಗ್ಗಿದ ಮೇಲೆ, ನಾಲ್ವರೂ ಮೊದಲ ಸಲ ಒಟ್ಟಿಗೆ ಓಡಿದೆವು. ಹದಿನಾರು ಲೀಟರಿನ ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು ಇಳಿಜಾರಿನಲ್ಲಿ ಅರ್ಧ ದಿನ ತಿರುಗುವ ಜನ ನಾವು. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಹತ್ತಿದವರೂ ನಮ್ಮಲ್ಲಿದ್ದಾರೆ. ಆದರೂ ನಾನೂರು ಮೀಟರಿಗೆ ಬಾಯಿ ಒಣಗಿ, ಪಕ್ಕೆ ಹಿಡಿದು, ಮೋರಿಯ ಕಟ್ಟೆಯ ಮೇಲೆ ಕುಳಿತೆವು. ಹತ್ತು ಕಿಲೋಮೀಟರೆಂದರೆ ಅಂಥ ನಾನೂರು ಮೀಟರು ಇಪ್ಪತ್ತೈದು. ಲೆಕ್ಕ ಹಾಕಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹೀಗೇಕೆ ಆಗುತ್ತದೆಂದು ತಿಳಿದುಕೊಂಡೆವು. ತೋಟದ ಕೆಲಸದಲ್ಲಿ ಕೈ ಬಿಗಿಯುತ್ತದೆ, ಬೆನ್ನು ಗಟ್ಟಿಯಾಗುತ್ತದೆ. ಆದರೆ ಕೆಲಸದ ನಡುವೆ ನಿಲ್ಲುತ್ತೇವೆ, ಬಗ್ಗುತ್ತೇವೆ, ಎಲೆ ಹಾಕುತ್ತೇವೆ, ಆಳಿನೊಡನೆ ಮಾತಾಡುತ್ತೇವೆ. ಎದೆ ಒಂದೇ ಸಮ ಗಂಟೆಗಟ್ಟಲೆ ಜೋರಾಗಿ ಬಡಿಯುವ ಪ್ರಸಂಗವೇ ಬರುವುದಿಲ್ಲ. ಓಟದಲ್ಲಿ ಬಿಡುವಿಲ್ಲ. ಇನ್ನೊಂದು ಸಂಗತಿ: ಓಡುವಾಗ ಪ್ರತಿ ಹೆಜ್ಜೆಯಲ್ಲೂ ಮೈತೂಕದ ಎರಡು ಮೂರು ಪಟ್ಟು ಭಾರ ಒಂದು ಕಾಲಿನ ಮೇಲೆ ಬೀಳುತ್ತದೆ. ನಮ್ಮಂಥ ನಿಧಾನದವರು ಹತ್ತು ಕಿಲೋಮೀಟರಿನಲ್ಲಿ ಹತ್ತು ಸಾವಿರಕ್ಕೂ ಮೀರಿ ಹೆಜ್ಜೆ ಹಾಕುತ್ತೇವೆ. ಉಸಿರು ಕೆಲವು ವಾರಗಳಲ್ಲೇ ಪಳಗುತ್ತದೆ. ಹಿಮ್ಮಡಿಯ ಮೇಲಿನ ನರ, ಮೊಣಕಾಲ ಕೆಳಗಿನ ಮೂಳೆ ಪಳಗಲು ತಿಂಗಳುಗಳೇ ಬೇಕು. ಹೊಸಬರು ಬೀಳುವುದು ಈ ಅಂತರದಲ್ಲಿಯೇ. ಉಸಿರು ಆಗುತ್ತದೆ ಎನ್ನುತ್ತದೆ, ಕಾಲು ಸಿದ್ಧವಾಗಿರುವುದಿಲ್ಲ.

ಆದ್ದರಿಂದ ನಡೆದು ಓಡುವ ಕ್ರಮ ಹಿಡಿದೆವು. ಇದು ನಾವು ಕಂಡುಹಿಡಿದದ್ದಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಎಂಬಾತ ಹೊಸಬರಿಗಾಗಿ ಬಳಕೆಗೆ ತಂದ ಕ್ರಮ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಹತ್ತು ಸಲ. ವಾರಕ್ಕೆ ಮೂರು ದಿನ ಮಾತ್ರ. ನಡುವೆ ಒಂದೊಂದು ದಿನ ಕಾಲಿಗೆ ರಜೆ. ಎರಡು ವಾರದ ಮೇಲೆ ಎರಡಕ್ಕೆ ಎರಡು, ಆಮೇಲೆ ಮೂರಕ್ಕೆ ಒಂದು. ಈಗ ಐದು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತೇವೆ. ಕಳೆದ ಭಾನುವಾರ 8 ಕಿಲೋಮೀಟರನ್ನು 1 ಗಂಟೆ 6 ನಿಮಿಷಕ್ಕೆ ಮುಗಿಸಿದೆವು. ಊರಿನ ಹುಡುಗರು ಇದನ್ನು ಕೇಳಿ ನಗುತ್ತಾರೆ. ಜನವರಿಯ ಮೋರಿಯ ಕಟ್ಟೆಯನ್ನು ಅವರು ಕಂಡಿಲ್ಲ.

ಎಷ್ಟು ವೇಗ ಸರಿ ಎಂಬುದಕ್ಕೆ ಗಡಿಯಾರಕ್ಕಿಂತ ಒಳ್ಳೆಯ ಅಳತೆ ಮಾತು. ಓಡುತ್ತಲೇ ಪಕ್ಕದವರೊಡನೆ ಮಾತಾಡಲು ಆದರೆ ಸರಿಯಾದ ವೇಗ, ಆಗದಿದ್ದರೆ ಹೆಚ್ಚಾಯಿತು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಹೆಸರನ್ನು ಇಲ್ಲಿ ಹೇಳಬೇಕು. ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮನುಷ್ಯ. ಈತ ತಯಾರು ಮಾಡಿದ ಇಬ್ಬರು 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ದಿನ ಚಿನ್ನ ಗೆದ್ದರು, ಒಬ್ಬ 800 ಮೀಟರಿನಲ್ಲಿ, ಇನ್ನೊಬ್ಬ 5,000 ಮೀಟರಿನಲ್ಲಿ. ಆಮೇಲೆ ಆತ ಆಕ್‌ಲೆಂಡಿನಲ್ಲಿ ಹೃದಯದ ತೊಂದರೆ ಇದ್ದ ಮಧ್ಯವಯಸ್ಕರನ್ನೂ ಮೆಲ್ಲನೆ ಓಡಿಸತೊಡಗಿದ. ಇಂದು ಜಾಗಿಂಗ್ ಎಂದು ಊರೂರಿನಲ್ಲಿ ಕರೆಯುವುದು ಹಬ್ಬಿದ್ದು ಅಂಥ ಗುಂಪುಗಳಿಂದ. ನಮ್ಮ ಗುಂಪಿನಲ್ಲಿ ಈ ಮಾತಿನ ಪರೀಕ್ಷೆಗೆ ವಿಷಯದ ಕೊರತೆ ಇಲ್ಲ: ಅಡಿಕೆ ಧಾರಣೆ ಒಂದೇ ನಾಲ್ಕು ಕಿಲೋಮೀಟರಿಗೆ ಸಾಕಾಗುತ್ತದೆ.

ಎಲ್ಲಿ ಓಡುವುದು ಎಂಬುದು ನಮ್ಮ ಜಿಲ್ಲೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಪಟ್ಟಣದ ಓಟಗಾರರು ಕತ್ತಲಲ್ಲೇ ಎದ್ದು ಓಡಬೇಕೆಂದು ಹೇಳುತ್ತಾರೆ. ಕಾಡಂಚಿನ ಊರುಗಳಲ್ಲಿ ಕತ್ತಲು ಆನೆಗೆ ಸೇರಿದ್ದು. ಜೋಳದ ಹೊಲದಲ್ಲೋ ಬಾಳೆಯ ತೋಟದಲ್ಲೋ ರಾತ್ರಿ ಕಳೆದ ಆನೆ ಕಾಡಿಗೆ ಹಿಂತಿರುಗುವುದು ಆ ಹೊತ್ತಿನಲ್ಲಿಯೇ. ಚೆನ್ನಾಗಿ ಬೆಳಕು ಹರಿಯುವ ತನಕ ನಾವು ಕಾಲು ಹೊರಗಿಡುವುದಿಲ್ಲ, ಕಾಡಿನ ಮಗ್ಗುಲ ರಸ್ತೆಗೆ ಹೋಗುವುದೇ ಇಲ್ಲ, ಒಬ್ಬರೇ ಓಡುವುದಿಲ್ಲ. ಇನ್ನು ಹೆದ್ದಾರಿ. ಬಂಡೀಪುರ ಕಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿರುವುದು ಎಲ್ಲರಿಗೂ ತಿಳಿದದ್ದೇ. ಆರಕ್ಕೆ ಗೇಟು ತೆರೆಯುತ್ತಲೇ ರಾತ್ರಿಯಿಡೀ ಕಾದ ಲಾರಿಗಳು ಊಟಿಯ ಕಡೆಯಿಂದಲೂ ವಯನಾಡಿನ ಕಡೆಯಿಂದಲೂ ಒಮ್ಮೆಗೇ ಹೊರಡುತ್ತವೆ. ಬೆಳಕಾಗುವುದೂ ಆರಕ್ಕೆ, ಲಾರಿ ಬರುವುದೂ ಆರಕ್ಕೆ. ಹೀಗಾಗಿ ಗುಂಡ್ಲುಪೇಟೆಯ ಇಬ್ಬರು ಹೆದ್ದಾರಿಯನ್ನು ಬಿಟ್ಟು ಒಳಗಿನ ಹಳ್ಳಿ ರಸ್ತೆಯನ್ನೇ ಹಿಡಿದಿದ್ದಾರೆ, ವಾರದಲ್ಲಿ ಒಂದು ದಿನ ಪಟ್ಟಣದ ಕ್ರೀಡಾಂಗಣಕ್ಕೆ ಹೋಗುತ್ತಾರೆ. ಚಾಮರಾಜನಗರದವರಿಗೆ ಜಿಲ್ಲಾ ಕ್ರೀಡಾಂಗಣವಿದೆ. ಭಾನುವಾರ ಮಾತ್ರ ನಾಲ್ವರೂ ಸೇರುತ್ತೇವೆ.

ಅಕ್ಕ ಮೊದಲ ದಿನ ಊರೊಳಗಿಂದ ಓಡಿದಾಗ ನಡೆದದ್ದನ್ನು ಇಲ್ಲಿ ಬರೆಯಲು ಅವರ ಒಪ್ಪಿಗೆ ಪಡೆದಿದ್ದೇವೆ. ಚೂಡಿದಾರ, ಕಾಲಿಗೆ ಮಗಳು ತಂದ ಬೂಟು. ಹೊಲದ ಬದುವಿನಲ್ಲಿದ್ದ ಅಜ್ಜ ಒಬ್ಬರು ಗಾಬರಿಯಿಂದ ಎದ್ದು ನಿಂತು, "ಯಾಕವ್ವಾ ಓಡೀಯೆ? ಆನೆ ಬಂದದಾ?" ಎಂದು ಕೂಗಿದರು. ಉತ್ತರಕ್ಕೆ ಕಾಯದೆ ಅವರೂ ಎಮ್ಮೆಯ ಹಗ್ಗ ಬಿಚ್ಚಿ ಮನೆಯ ಕಡೆ ಹೆಜ್ಜೆ ಹಾಕಿದರು. ಇನ್ನರ್ಧ ಮೈಲಿಯಲ್ಲಿ ಸರ್ಕಾರಿ ಬಸ್ಸು ಪಕ್ಕಕ್ಕೆ ಬಂದು ನಿಂತಿತು. "ಬೇಗ್ನೆ ಹತ್ತವ್ವ, ಟೈಮಾಗದೆ" ಎಂದು ಕಂಡಕ್ಟರು ಬಾಗಿಲು ತೆರೆದರು. ನಕ್ಕು ಮುಗಿಸುವ ಮಾತುಗಳು ಇವು. ನಗಲಾರದ ಮಾತುಗಳೂ ಬಂದವು. ಮದುವೆ ವಯಸ್ಸಿನ ಮಗಳನ್ನು ಇಟ್ಟುಕೊಂಡು ಬೀದಿಯಲ್ಲಿ ಓಡುವುದೇ, ಗಂಡನಾದವನು ಹೇಳಬಾರದೇ ಎಂದು ನೆಂಟರ ಮನೆಯಿಂದ ಹೇಳಿಕಳಿಸಿದರು. ನಾವು ಮೂವರು ಗಂಡಸರು ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿದ್ದಕ್ಕೆ ಯಾರ ಮನೆಯಿಂದಲೂ ಮಾತು ಬರಲಿಲ್ಲ. ಅಕ್ಕ ಹದಿನೈದು ದಿನ ಓಟ ನಿಲ್ಲಿಸಿದರು. ಆಮೇಲೆ ಒಂದು ಭಾನುವಾರ ಯಾರೂ ಕರೆಯದೆಯೇ ಬಂದು ನಿಂತರು. "ನೀರು ಬಿಡೋಕೆ ರಾತ್ರಿ ಎರಡು ಗಂಟೆಗೆ ತೋಟಕ್ಕೆ ಹೋಗ್ತಿದ್ದಾಗ ಯಾರೂ ಏನೂ ಅಂದಿರ್ಲಿಲ್ಲ" ಎಂದಷ್ಟೇ ಹೇಳಿದರು.

ಈ ಬಗೆಯ ಮಾತು ನಮ್ಮ ಹಳ್ಳಿಗೆ ಮಾತ್ರ ಸೇರಿದ್ದಲ್ಲ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮೊದಲ ಬಾರಿ 800 ಮೀಟರ್ ಓಟ ಇಟ್ಟರು. ಓಟ ಮುಗಿದ ಮೇಲೆ ಕೆಲವರು ದಣಿದು ನೆಲಕ್ಕೊರಗಿದ್ದನ್ನೇ ಪತ್ರಿಕೆಗಳು ದೊಡ್ಡದು ಮಾಡಿ, ಹೆಣ್ಣಿನ ದೇಹಕ್ಕೆ ಇದು ಸಲ್ಲದೆಂದು ಬರೆದವು. 1960ರವರೆಗೆ ಆ ಓಟವೇ ಇರಲಿಲ್ಲ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಅದೇ ದಶಕದಲ್ಲಿ ನಮ್ಮ ಕಾಫಿ ನಾಡು ಕೊಡಗಿನ ಅಶ್ವಿನಿ ನಾಚಪ್ಪ ದೇಶದ ವೇಗದ ಓಟಗಾರ್ತಿಯರ ಸಾಲಿಗೆ ಬಂದು, 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅಕ್ಕ ಆಗ ಶಾಲೆಯ ಹುಡುಗಿ. ಪತ್ರಿಕೆಯಲ್ಲಿ ಬಂದ ಅವರ ಚಿತ್ರ ಕತ್ತರಿಸಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದರಂತೆ. ಮೂರು ತಿಂಗಳು ಒಟ್ಟಿಗೆ ಓಡಿದ ಮೇಲೆ ಮೊನ್ನೆ ಅದನ್ನು ನಮಗೆ ಹೇಳಿದರು.

ಓಟವೆಂದರೆ ಪೇಟೆಯವರ ಷೋಕಿ ಎನ್ನುವ ಸದಸ್ಯರೂ ಇದ್ದಾರೆ. ಬೂಟಿನ ಬೆಲೆ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ನಮ್ಮ ದೇಶದಲ್ಲಿ ಸಂಘಟಿತ ದೂರದ ಓಟದ ಮೊದಲ ಅಧ್ಯಾಯವನ್ನು ನೋಡಿ. 1919ರ ಸುಮಾರಿಗೆ ಪುಣೆಯ ಡೆಕ್ಕನ್ ಜಿಮಖಾನಾ ಒಂದು ಕ್ರೀಡಾಕೂಟ ನಡೆಸಿತು. ಅದರ ಅಧ್ಯಕ್ಷರು ದೊರಾಬ್ಜಿ ಟಾಟಾ. ದೂರದ ಓಟಕ್ಕೆ ಬಂದು ನಿಂತವರಲ್ಲಿ ಹೆಚ್ಚಿನವರು ರೈತಾಪಿ ಜನ, ಬರಿಗಾಲು, ತರಬೇತಿಯ ಹೆಸರೂ ಕೇಳದವರು. ಅವರು ಓಡಿದ ರೀತಿಯನ್ನು ಕಂಡು ಟಾಟಾ ಅವರು ಮುಂದೆ ನಿಂತು, 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ಪುಟ್ಟ ತಂಡವೊಂದನ್ನು ಕಳಿಸಿಕೊಟ್ಟರು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ವರ್ಷದ ಮ್ಯಾರಥಾನಿನ ಉದ್ದ 42.75 ಕಿಲೋಮೀಟರು, ಒಲಿಂಪಿಕ್ಸಿನ ಮ್ಯಾರಥಾನುಗಳಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ. ಚೌಗುಲೆ 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾಗಿ ಬಂದರು. ಕಂಡರಿಯದ ದೇಶ, ಕಂಡರಿಯದ ಚಳಿ, ಮುಂದೆ ಎಂಥವರು ಓಡುತ್ತಾರೆಂದು ಹೇಳಿಕೊಡುವವರಿಲ್ಲ. ಹಿಂದಿನ ರಾತ್ರಿ ಅವರಿಗೆ ನಿದ್ದೆ ಬಂದಿತ್ತೋ ಇಲ್ಲವೋ. ನಮಗಂತೂ ಬೆಂಗಳೂರೇ ಆಂಟ್‌ವರ್ಪ್ ಆಗಿಬಿಟ್ಟಿದೆ.

ಅಳುಕಿನ ಮಾತಿಗೆ ಬರೋಣ. ದೂರದ ಭಯ ನಮ್ಮಲ್ಲಿ ಯಾರಿಗೂ ಅಷ್ಟಾಗಿ ಉಳಿದಿಲ್ಲ. ಭಯವಿರುವುದು ನೋಡುವವರ ಕಣ್ಣಿಗೆ. ಎಲ್ಲರಿಗಿಂತ ಕೊನೆಗೆ ಬಂದರೆ? ನಡುವೆ ನಡೆದರೆ ನಗುತ್ತಾರೆಯೇ? ನಮ್ಮ ಬನಿಯನ್ನು, ನಮ್ಮ ಮಾತು, ನಮ್ಮ ಓಡುವ ಧಾಟಿ? ಇದಕ್ಕೆ ಮದ್ದಾಗಿ ಓಟದ ವ್ಯವಸ್ಥೆಯನ್ನು ವಿಚಾರಿಸಿ ತಿಳಿದುಕೊಂಡೆವು, ಮದ್ದು ಕೆಲಮಟ್ಟಿಗೆ ನಾಟಿತು. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ವೇಗದವರು ಮುಂದಿನ ಸಾಲು, ಹೊಸಬರು ಹಿಂದಿನ ಸಾಲು. ಒಂದು ಗುಂಪು ಹೋದ ಮೇಲೆ ಇನ್ನೊಂದು. ನಮ್ಮ ಅಕ್ಕಪಕ್ಕ ನಿಲ್ಲುವವರೂ ನಮ್ಮಂಥವರೇ. ಎದೆಗೆ ಸಿಕ್ಕಿಸುವ ನಂಬರು ಚೀಟಿಯಲ್ಲಿ ಒಂದು ಸಣ್ಣ ಚಿಪ್ಪು ಇರುತ್ತದೆ. ನಾವು ಗೆರೆ ದಾಟಿದ ಕ್ಷಣದಿಂದ ನಮ್ಮ ಸಮಯ ಶುರು. ಹಿಂದೆ ನಿಂತು ಕಾದ ಹೊತ್ತು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ನೋಂದಾಯಿಸಿದವರು ಹಿಂದಿನ ದಿನಗಳಲ್ಲೇ ಹೋಗಿ ಚೀಟಿ ಪಡೆಯಬೇಕು. ಗುರುತಿನ ಚೀಟಿ ಮರೆಯಕೂಡದು. ಬಿರುಸಾಗಿ ನಡೆದರೇ 10 ಕಿಲೋಮೀಟರಿಗೆ ಸುಮಾರು 1 ಗಂಟೆ 40 ನಿಮಿಷ ಸಾಕು. ಈಗಿನ ನಮ್ಮ ಗತಿಯಲ್ಲಿ 1 ಗಂಟೆ 25 ನಿಮಿಷದ ಒಳಗೆ ಮುಗಿಯಬೇಕು. ನಮ್ಮ ಹಿಂದೆಯೂ ಜನ ಇರುತ್ತಾರೆ ಎಂಬ ಸಣ್ಣ ಸಮಾಧಾನ ಇಟ್ಟುಕೊಂಡಿದ್ದೇವೆ.

ದಸರಾ ಕ್ರೀಡಾಕೂಟಕ್ಕೆ ಏಕೆ ಹೋಗಬಾರದೆಂದು ಕೇಳಿದವರಿಗೆ ಒಂದು ಮಾತು. ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಹಂತ ಹಂತವಾಗಿ ಮೈಸೂರಿನವರೆಗೆ ಹೋಗುವ ಆ ಪಂದ್ಯಗಳು ಎಳೆಯರವು, ಗೆಲ್ಲಲೆಂದೇ ಬರುವವರವು. ಮನೆಯಲ್ಲಿ ಓಡುವ ಮಕ್ಕಳಿದ್ದರೆ ಖಂಡಿತ ಕಳಿಸಿ. ಸುಮ್ಮನೆ ಮುಗಿಸಿ ಬರುವ ಆಸೆಯವರಿಗೆ ರಸ್ತೆ ಓಟವೇ ಸರಿ.

ಕಾಫಿ ಬೆಳೆಗಾರರಿಗೆ ರುಚಿಸುವ ಒಂದು ವಿಷಯ ಇದರಲ್ಲಿದೆ. ಓಟಕ್ಕೆ ಸುಮಾರು ಒಂದು ಗಂಟೆ ಮುಂಚೆ ಕುಡಿದ ಕಾಫಿ ದಣಿವನ್ನು ಹಿಂದಕ್ಕೆ ತಳ್ಳುತ್ತದೆಂದು ಸಂಶೋಧನೆಗಳು ತೋರಿಸಿವೆ. ಪರಿಣಾಮ ಕಾಣಲು ಮೈತೂಕದ ಒಂದು ಕಿಲೋಗೆ 3 ಮಿಲಿಗ್ರಾಂನಷ್ಟು ಕೆಫೀನ್ ಬೇಕು. ಅರವತ್ತು ಕಿಲೋ ತೂಗುವವರಿಗೆ 180 ಮಿಲಿಗ್ರಾಂ, ಅಂದರೆ ಸುಮಾರಾಗಿ ಎರಡು ಲೋಟ ಗಟ್ಟಿ ಕಾಫಿ. ಒಂದು ಕಾಲದಲ್ಲಿ ಒಲಿಂಪಿಕ್ಸಿನವರು ಮಿತಿ ಮೀರಿದ ಕೆಫೀನನ್ನು ನಿಷೇಧಿತ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದ್ದರು, 2004ರಲ್ಲಿ ತೆಗೆದರು. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಈ ಒಂದು ವಿಷಯದಲ್ಲಾದರೂ ರೋಬಸ್ಟಾದವರು ಅಣ್ಣನ ಅರೇಬಿಕಾದ ಎದುರು ಎದೆಯುಬ್ಬಿಸಬಹುದು. ಚಿಕೋರಿ ಬೆರೆತ ಪುಡಿಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ, ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬೆಳಗಿನ ಕಾಫಿಯ ಇನ್ನೊಂದು ಪರಿಣಾಮವೂ ಉಂಟು. ಅದು ಹೊರಡುವ ಮುಂಚೆ ತಂಗಿದ ಮನೆಯಲ್ಲೇ ಮುಗಿಯುವಂತೆ ಹೊತ್ತು ನೋಡಿಕೊಳ್ಳಬೇಕು. ಅಡಿಕೆಯ ವಿಷಯ ಬೇರೆ. ನಮ್ಮದೇ ಬೆಳೆಯಾದರೂ ಓಡುವಾಗ ಬಾಯಲ್ಲಿ ಬೇಡ. ಎದೆಬಡಿತವನ್ನು ಅದು ಏರಿಸುತ್ತದೆ, ಉಸಿರಿಗೆ ಬಾಯಿ ಖಾಲಿ ಇರಬೇಕಾದ ಹೊತ್ತಿನಲ್ಲಿ ಜಾಗ ಹಿಡಿಯುತ್ತದೆ.

ಊಟದಲ್ಲಿ ಹೊಸತೇನನ್ನೂ ಮಾಡುತ್ತಿಲ್ಲ. ಹಿಂದಿನ ರಾತ್ರಿ ಮುದ್ದೆಯೋ ಅನ್ನವೋ ಎಂದಿನದೇ. ಬೆಂಗಳೂರಿನ ಹೋಟೆಲಿನ ಹೊಸ ರುಚಿಗೆ ಓಟ ಮುಗಿದ ಮೇಲೆ ಅವಕಾಶ. ಬೂಟೂ ಹಳೆಯದೇ ಇರಬೇಕು; ಆ ದಿನಕ್ಕೆಂದು ಹೊಸದು ಕೊಂಡವರು ಬೊಬ್ಬೆಯೊಡನೆ ಹಿಂತಿರುಗುತ್ತಾರೆಂದು ಅನುಭವಿಗಳು ಎಚ್ಚರಿಸಿದ್ದಾರೆ. ನೀರು ಬಾಯಾರಿದಷ್ಟೇ ಕುಡಿಯಬೇಕು. ಭಯಕ್ಕೆ ಲೋಟಗಟ್ಟಲೆ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅದೇ ಅಪಾಯ ತರುತ್ತದೆ. ಉಪ್ಪು ಹಾಕಿದ ಮಜ್ಜಿಗೆ ನಮಗೆ ಒಗ್ಗಿದೆ.

ಕೊನೆಯ ಎರಡು ವಾರ ಓಟವನ್ನು ಕಡಿಮೆ ಮಾಡಬೇಕೆಂಬುದೇ ನಮಗೆ ಅರಗಿಸಿಕೊಳ್ಳಲು ಕಷ್ಟವಾದ ನಿಯಮ. ದಿನ ಹತ್ತಿರ ಬಂದಂತೆ ಹೆಚ್ಚು ದುಡಿಯಬೇಕೆಂದು ಮನಸ್ಸು ಹೇಳುತ್ತದೆ. ಈ ವಾರ 8 ಓಡಿದವರು ಮುಂದಿನ ವಾರ 5, ಆಮೇಲೆ 3. ಉಳಿದ ಹೊತ್ತು ಕಾಯುವುದು. ಹೂ ಮಳೆಯಾದ ಮೇಲೆ ಮೊಗ್ಗು ಅರಳುವ ಎಂಟು ಹತ್ತು ದಿನ, ಆಮೇಲೆ ಕಾಯಿ ಕಚ್ಚಲು ಬೇಕಾದ ಎರಡನೆಯ ಮಳೆಯ ತನಕ, ಗಿಡದ ಬಳಿ ನಾವು ಮಾಡುವುದೇನೂ ಇರುವುದಿಲ್ಲ. ಆದರೂ ದಿನಕ್ಕೆರಡು ಸಲ ಹೋಗಿ ನೋಡಿ ಬರುತ್ತೇವಲ್ಲ, ಆ ಸ್ಥಿತಿ. ಅಕ್ಕನಿಗೆ ಇನ್ನೂ ಒಂದು ಚಿಂತೆ. ಏಪ್ರಿಲ್ ಬಿಸಿಲಿಗೆ ಎರಡು ದಿನ ನೀರು ತಪ್ಪಿದರೆ ಎಳೆ ಅಡಿಕೆಯ ಸೋಗೆ ಹಳದಿ ತಿರುಗುತ್ತದೆ. ಶನಿವಾರ, ಭಾನುವಾರ ನೀರು ಬಿಡುವ ಹೊಣೆಯನ್ನು ಅವರ ಯಜಮಾನರು ಹೊತ್ತಿದ್ದಾರೆ. ನೆಂಟರ ಮಾತಿಗೆ ಅವರು ಕೊಟ್ಟ ಉತ್ತರ ಅದೊಂದೇ.

ಇನ್ನು ಉಳಿದಿರುವುದು ಅಣ್ಣನ ವಿಷಯ, ಎಲ್ಲಕ್ಕಿಂತ ಭಾರವಾದದ್ದು. ಐವತ್ತು ದಾಟಿದವರು, ಸಕ್ಕರೆ ಅಥವಾ ರಕ್ತದ ಒತ್ತಡ ಇದ್ದವರು, ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು ಇಂಥ ಓಟಕ್ಕೆ ಮುಂಚೆ ಡಾಕ್ಟರಿಗೆ ತೋರಿಸಿಕೊಳ್ಳಲೇಬೇಕು; ಇದನ್ನು ಓದಿ ನಾಳೆಯೇ ಓಡಲು ಹೊರಡುವ ಸದಸ್ಯರು ಈ ಒಂದು ಸಾಲನ್ನು ದಾಟಿ ಹೋಗಬಾರದು. ಓಡುವಾಗ ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಬೇಕು. ಗ್ಯಾಸು ಎಂದು ಸೋಡಾ ಕುಡಿದು ಮುಂದುವರಿಯಬಾರದು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಓಟದ ನಡುವೆ ಸಕ್ಕರೆ ತೀರ ಇಳಿದು ಬೆವರು, ನಡುಕ ಬರಬಹುದು. ಅಣ್ಣನ ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಯಾವಾಗಲೂ ಇರುತ್ತದೆ, ನಮ್ಮ ಮೂವರ ಜೇಬಿನಲ್ಲೂ ಒಂದೊಂದು. ಈ ಮೂರು ತಿಂಗಳಲ್ಲಿ ಅವರ ಸಕ್ಕರೆ ಇಳಿದಿದೆ, ಒಂದು ಮಾತ್ರೆಯನ್ನು ಡಾಕ್ಟರೇ ಕಡಿಮೆ ಮಾಡಿದ್ದಾರೆ. ಆದರೆ ಕಳೆದ ವಾರ ತೆಗೆದ ಇ.ಸಿ.ಜಿ.ಯಲ್ಲಿ ಏನೋ ಸಣ್ಣ ವ್ಯತ್ಯಾಸ ಕಂಡಿತೆಂದು, ಓಡುವ ಪಟ್ಟಿಯ ಮೇಲೆ ನಡೆಸಿ ನೋಡುವ ಪರೀಕ್ಷೆಗೆ ಮೈಸೂರಿಗೆ ಬರೆದುಕೊಟ್ಟಿದ್ದಾರೆ. ಅದು ಬರುವ ಗುರುವಾರ.

ನಮ್ಮಲ್ಲಿ ಈ ಬಗ್ಗೆ ಜಗಳವೇ ನಡೆಯಿತು. ಡಾಕ್ಟರು ಬೇಡವೆಂದರೆ ಬೇಡ ಎಂದು ನಾವು. "ಇಷ್ಟು ದಿನ ಓಡ್ದಾಗ ಆಗದಿದ್ದುದು ಅವತ್ತೊಂದಿನ ಆಗ್ತದಾ?" ಎಂದು ಅಣ್ಣ. ಮಾತು ಬೆಳೆದು ಒಂದು ಭಾನುವಾರ ಯಾರೂ ಓಡದೆಯೇ ಹಿಂತಿರುಗಿದೆವು. ಕೊನೆಗೆ ಅಕ್ಕ ಮಧ್ಯೆ ಬಂದು, ಪರೀಕ್ಷೆಯಲ್ಲಿ ಏನೇ ಬರಲಿ ಅದರಂತೆ ನಡೆಯುತ್ತೇನೆಂದು ಅಣ್ಣನಿಂದ ಮಾತು ತೆಗೆದುಕೊಂಡರು. ಓಡಬಹುದು ಎಂದರೆ ಓಟ. ನಡೆಯಬಹುದು ಎಂದರೆ ನಮ್ಮಲ್ಲೊಬ್ಬರು ಅವರ ಜೊತೆಯಲ್ಲೇ ಪೂರ್ತಿ ನಡೆಯುವುದು. ಯಾರೆಂದು ಚೀಟಿ ಎತ್ತಿದ್ದಾಗಿದೆ. ಎರಡೂ ಬೇಡ ಎಂದರೆ ಮುಗಿಯುವ ಗೆರೆಯ ಬಳಿ ನಮ್ಮ ಚೀಲಗಳನ್ನು ಹಿಡಿದು ನಿಲ್ಲುವುದು. ಈ ಮೂರನೆಯದನ್ನು ಹೇಳುವಾಗ ಅಣ್ಣ ಬೇರೆ ಕಡೆ ನೋಡುತ್ತಿದ್ದರು.

ಶುಕ್ರವಾರದ ಬೆಳಗಿನ ಹೊತ್ತಿಗೆ ವರದಿ ಕೈಗೆ ಬರುತ್ತದೆ. ಓಟದ ಹಿಂದಿನ ಶನಿವಾರ ಬೆಳಿಗ್ಗೆ ಚಾಮರಾಜನಗರದವರು ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ಮೇಲೆ, ಗುಂಡ್ಲುಪೇಟೆಯವರು ಮೈಸೂರಿನ ಮೇಲೆ ಬೆಂಗಳೂರಿಗೆ ಹೊರಡುತ್ತೇವೆ. ಮಧ್ಯಾಹ್ನ ಎಲ್ಲರೂ ಸೇರಿ ನಂಬರು ಚೀಟಿ ತೆಗೆದುಕೊಳ್ಳುವುದು. ಬಸ್ಸಿಗೆ ಅಣ್ಣನದೂ ಸೇರಿ ನಾಲ್ಕು ಟಿಕೇಟು ಕಾದಿರಿಸಿದ್ದೇವೆ.